ಮೈಸೂರು, ಮಂಡ್ಯದಿಂದ ಮೊದಲ ಸಲ ದೆಹಲಿಗೆ: ಹೋಗುವ ಮುಂಚೆ ಇಷ್ಟು ತಿಳಿದಿರಲಿ

ಶಾಲೆಗಳಿಗೆ ರಜೆ ಹತ್ತಿರ ಬಂತೆಂದರೆ ಒಂದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. "ಮನೆಯವರೆಲ್ಲ ದೆಹಲಿಗೆ ಹೊರಟಿದ್ದೀವಿ. ಎರಡು ದಿನ ಸಾಕಾ? ಎಲ್ಲಿ ಉಳಿಯೋದು? ಹಿಂದಿ ಸರಿಯಾಗಿ ಬರಲ್ಲ, ಕಷ್ಟ ಆಗುತ್ತಾ?" ಒಬ್ಬೊಬ್ಬರಿಗೂ ಫೋನಿನಲ್ಲಿ ಹೇಳುವಾಗ ಅರ್ಧ ವಿಷಯ ಬಿಟ್ಟೇ ಹೋಗುತ್ತದೆ. ಅದಕ್ಕೇ ಎಲ್ಲವನ್ನೂ ಇಲ್ಲಿ ಒಟ್ಟಿಗೆ ಬರೆದಿದ್ದೇನೆ.

ಎರಡು ದಿನ ಸಾಲದು. ಕಡಿಮೆ ಎಂದರೂ ನಾಲ್ಕು ದಿನ ಬೇಕು. ಏಳೆಂಟು ರಾಜಧಾನಿಗಳು ಒಂದರ ಪಕ್ಕ ಒಂದು ಎದ್ದು, ಬಿದ್ದು, ಕೊನೆಗೆ ಕೂಡಿಕೊಂಡು ಆದ ಊರು ದೆಹಲಿ. ನಮ್ಮ ಕಡೆಯವರಿಗೆ ಇದು ಹೊಸ ವಿಷಯವೇನಲ್ಲ. 1610ರಿಂದ 1799ರವರೆಗೆ ರಾಜಧಾನಿ ಶ್ರೀರಂಗಪಟ್ಟಣದಲ್ಲಿತ್ತು. ಟಿಪ್ಪು ಸತ್ತ ಮೇಲೆ ಮೈಸೂರಿಗೆ ಬಂತು. ಪಟ್ಟಣ, ಅರಮನೆ, ಮೇಲುಕೋಟೆ, ಸೋಮನಾಥಪುರ ಎಲ್ಲವನ್ನೂ ಒಂದೇ ದಿನ ಮುಗಿಸಿ ಬಂದವರಿಗೆ ಸಂಜೆ ಹೊತ್ತಿಗೆ ಕಾಲು ನೋವು ಬಿಟ್ಟರೆ ಬೇರೇನೂ ನೆನಪಿರುವುದಿಲ್ಲ ಅಲ್ವಾ? ದೆಹಲಿಯಲ್ಲೂ ಹಾಗೇ. ದಿನಕ್ಕೆ ಒಂದೇ ದೆಹಲಿ ನೋಡಿ. ಈ ಲೇಖನದಲ್ಲಿ ಬೇರೆ ಏನು ಮರೆತರೂ ಇದೊಂದನ್ನು ಮರೆಯಬೇಡಿ.

1. ಕಾಲ ನೋಡಿ ಹೊರಡಿ

ಅಕ್ಟೋಬರ್ ತಿಂಗಳು, ಆಮೇಲೆ ಫೆಬ್ರವರಿ ಮಧ್ಯದಿಂದ ಮಾರ್ಚ್ ಕೊನೆಯವರೆಗೆ ಒಳ್ಳೆಯ ಕಾಲ. ನಮ್ಮವರು ಜಾಸ್ತಿ ಹೋಗುವುದು ಏಪ್ರಿಲ್, ಮೇ ರಜೆಯಲ್ಲಿ. ಆಗ ಬಿಸಿಲು 45 ಡಿಗ್ರಿ ಮುಟ್ಟುವುದುಂಟು. ಮಧ್ಯಾಹ್ನ 'ಲೂ' ಬೀಸುತ್ತದೆ. ಲೂ ಎಂದರೆ ಮರುಭೂಮಿಯ ಕಡೆಯಿಂದ ಬರುವ ಒಣ ಬಿಸಿಗಾಳಿ. ಮೈಸೂರಿನ ಹವೆಗೆ ಒಗ್ಗಿದ ಮೈಗೆ ಅದು ತಡೆಯುವುದಿಲ್ಲ. ಮಕ್ಕಳು, ವಯಸ್ಸಾದವರು ಜೊತೆಗಿದ್ದರೆ ಮೇ ತಿಂಗಳು ಬೇಡವೇ ಬೇಡ.

ಡಿಸೆಂಬರ್, ಜನವರಿಯ ಚಳಿಯೂ ಸಣ್ಣದಲ್ಲ. ರಾತ್ರಿ 4–5 ಡಿಗ್ರಿಗೆ ಇಳಿಯುತ್ತದೆ. ಮಂಜು ಕವಿದರೆ ರೈಲುಗಳು ಗಂಟೆಗಟ್ಟಲೆ ತಡ, ವಿಮಾನಗಳೂ ತಡ. ನಮ್ಮೂರಲ್ಲಿ ಹಾಕುವ ತೆಳು ಸ್ವೆಟರ್ ಸಾಲದು. ಒಳಗೊಂದು ಉಣ್ಣೆಯ ಬನಿಯನ್, ಮೇಲೆ ದಪ್ಪ ಜಾಕೆಟ್, ಕಿವಿ ಮುಚ್ಚುವ ಟೋಪಿ, ಕಾಲುಚೀಲ ಬೇಕು. ಕೊಬ್ಬರಿ ಎಣ್ಣೆಯನ್ನು ಸಣ್ಣ ಬಾಯಿಯ ಬಾಟಲಿಯಲ್ಲಿ ಒಯ್ಯಬೇಡಿ. ಅಲ್ಲಿ ಅದು ಕಲ್ಲಿನ ಹಾಗೆ ಗಟ್ಟಿಯಾಗುತ್ತದೆ. ಅಗಲ ಬಾಯಿಯ ಡಬ್ಬಿಯಲ್ಲಿ ಇಡಿ. ಲಾಡ್ಜಿನವರಿಗೆ ಬಿಸಿನೀರಿನ ಜೊತೆ ಕೋಣೆಗೆ ಹೀಟರ್ ಇದೆಯಾ ಎಂದೂ ಕೇಳಿ.

ನವೆಂಬರ್‌ನಲ್ಲಿ ಹವೆ ಹಿತವಾಗಿದ್ದರೂ ಗಾಳಿ ಕೆಟ್ಟಿರುತ್ತದೆ. ಪಂಜಾಬ್, ಹರಿಯಾಣದ ಗದ್ದೆಗಳಲ್ಲಿ ಭತ್ತದ ಕೂಳೆ ಸುಡುವ ಹೊಗೆ, ವಾಹನಗಳ ಹೊಗೆ, ದೀಪಾವಳಿ ಪಟಾಕಿ ಎಲ್ಲ ಸೇರಿ ಊರ ಮೇಲೆ ಕೂತುಬಿಡುತ್ತದೆ. ಸುದ್ದಿಯಲ್ಲಿ ಹೇಳುವ 'ಎಕ್ಯುಐ' ಎಂದರೆ ಗಾಳಿ ಎಷ್ಟು ಕೆಟ್ಟಿದೆ ಎಂದು ತೋರಿಸುವ ಅಂಕಿ. 50ರ ಒಳಗಿದ್ದರೆ ಒಳ್ಳೆಯದು. ನವೆಂಬರ್‌ನಲ್ಲಿ ಅದು 400 ದಾಟುವುದುಂಟು. ಉಬ್ಬಸ ಇರುವವರು ಆ ತಿಂಗಳು ಹೋಗಲೇಬೇಡಿ.

ದಸರಾ ರಜೆಯಲ್ಲಿ ಹೋಗುವವರಿಗೆ ಒಂದು ವಿಶೇಷ. ಅಲ್ಲಿ ದಸರಾ ಎಂದರೆ ರಾಮಲೀಲಾ. ಒಂಬತ್ತು ಹತ್ತು ರಾತ್ರಿ ರಾಮಾಯಣ ಆಡುತ್ತಾರೆ. ವಿಜಯದಶಮಿಯ ಸಂಜೆ ರಾವಣ, ಕುಂಭಕರ್ಣ, ಮೇಘನಾದರ ದೊಡ್ಡ ಬೊಂಬೆಗಳನ್ನು ಸುಡುತ್ತಾರೆ. ಇದಕ್ಕೆ ಕೆಂಪುಕೋಟೆಯ ಮುಂದಿನ ಮೈದಾನ ಹೆಸರುವಾಸಿ. ಬಂಗಾಳಿಗಳು ಜಾಸ್ತಿ ಇರುವ ಚಿತ್ತರಂಜನ್ ಪಾರ್ಕಿನಲ್ಲಿ ದುರ್ಗಾಪೂಜೆಯ ಪೆಂಡಾಲುಗಳಿರುತ್ತವೆ. ಅಲ್ಲಿ ಮಹಿಷನನ್ನು ಕೊಲ್ಲುತ್ತಿರುವ ದೇವಿಯನ್ನು ನೋಡಿದರೆ ಚಾಮುಂಡಿಬೆಟ್ಟ ನೆನಪಾಗುತ್ತದೆ.

ಎಚ್ಚರಿಕೆ: ಆಗಸ್ಟ್ 15 ಮತ್ತು ಜನವರಿ 26ರ ಆಸುಪಾಸಿನಲ್ಲಿ ಕೆಂಪುಕೋಟೆಗೆ ಹಲವು ದಿನ ಪ್ರವೇಶ ಇರುವುದಿಲ್ಲ. ಹೋಳಿಯ ದಿನ ಮಧ್ಯಾಹ್ನದವರೆಗೆ ಮೆಟ್ರೊ ಓಡುವುದಿಲ್ಲ. ಆ ಬೆಳಿಗ್ಗೆ ಕೋಣೆಯಲ್ಲೇ ಇರಿ.

2. ಟಿಕೆಟ್ ಮಾಡಿಸಿ

ಮೈಸೂರಿನಿಂದಲೇ ಹಜರತ್ ನಿಜಾಮುದ್ದೀನ್ ನಿಲ್ದಾಣಕ್ಕೆ ಸ್ವರ್ಣ ಜಯಂತಿ ಎಕ್ಸ್‌ಪ್ರೆಸ್ ಇದೆ. ಆದರೆ ವಾರಕ್ಕೊಮ್ಮೆ ಮಾತ್ರ. ಬೆಂಗಳೂರಿನಿಂದ ಕರ್ನಾಟಕ ಎಕ್ಸ್‌ಪ್ರೆಸ್ ದಿನಾ ಸಂಜೆ ಹೊರಡುತ್ತದೆ. ರಾಜಧಾನಿ ಎಕ್ಸ್‌ಪ್ರೆಸ್ ಕೂಡ ಬೆಂಗಳೂರಿನಿಂದಲೇ. ಯಾವುದರಲ್ಲಿ ಹೋದರೂ ಎರಡು ರಾತ್ರಿ ರೈಲಿನಲ್ಲೇ ಕಳೆಯಬೇಕು. ರಾಜಧಾನಿಯಲ್ಲಿ ಊಟ ಟಿಕೆಟ್ಟಿನಲ್ಲೇ ಸೇರಿಸಬಹುದು. ಉಳಿದ ರೈಲಿಗಾದರೆ ಮೊದಲ ದಿನಕ್ಕೆ ಪುಳಿಯೋಗರೆ, ಎರಡನೇ ದಿನಕ್ಕೆ ಚಪಾತಿ, ಚಟ್ನಿಪುಡಿ ಕಟ್ಟಿಕೊಂಡರೆ ನೆಮ್ಮದಿ.

ಟಿಕೆಟ್ 60 ದಿನ ಮುಂಚೆ ತೆರೆಯುತ್ತದೆ. ಮೊದಲು 120 ದಿನ ಇತ್ತು. 2024ರ ನವೆಂಬರ್‌ನಿಂದ ಬದಲಾಯಿತು. ಹಳೇ ಲೆಕ್ಕದಲ್ಲಿ ಇರುವವರು ಇದನ್ನು ಗಮನಿಸಿ. ಕೊನೇ ಗಳಿಗೆಯಲ್ಲಿ ಹೊರಡುವವರಿಗೆ 'ತತ್ಕಾಲ್' ಇದೆ. ಅಂದರೆ ರೈಲು ಹೊರಡುವ ಹಿಂದಿನ ದಿನ ಸ್ವಲ್ಪ ಜಾಸ್ತಿ ದುಡ್ಡಿಗೆ ಸಿಗುವ ಸೀಟು. ಎ.ಸಿ. ಬೋಗಿಗೆ ಬೆಳಿಗ್ಗೆ 10ಕ್ಕೆ, ಸ್ಲೀಪರ್‌ಗೆ 11ಕ್ಕೆ ತೆರೆಯುತ್ತದೆ. ಆನ್‌ಲೈನ್‌ನಲ್ಲಿ ತತ್ಕಾಲ್ ತೆಗೆಯಲು ಈಗ ಖಾತೆಗೆ ಆಧಾರ್ ಜೋಡಿಸಿರಬೇಕು. ಆ ಕೆಲಸವನ್ನು ಒಂದು ವಾರ ಮುಂಚೆಯೇ ಮುಗಿಸಿಡಿ.

ವಿಮಾನವಾದರೆ ಬೆಂಗಳೂರಿನಿಂದ ಎರಡೂಮುಕ್ಕಾಲು ಗಂಟೆ. ನಮ್ಮವರು ಎಡವುವುದು ವಿಮಾನ ನಿಲ್ದಾಣ ಮುಟ್ಟುವುದರಲ್ಲಿ. ಹೊಸ ಹೆದ್ದಾರಿ ಬಂದ ಮೇಲೆ ಬೆಂಗಳೂರಿಗೆ ಬೇಗ ಸೇರುತ್ತೇವೆ, ನಿಜ. ಆದರೆ ನಿಲ್ದಾಣ ಇರುವುದು ಊರಿನ ಆಚೆ ತುದಿಯಲ್ಲಿ, ದೇವನಹಳ್ಳಿಯಲ್ಲಿ. ಕೆಂಗೇರಿಯಿಂದ ಅಲ್ಲಿಗೆ ಸೇರುವುದೇ ದೊಡ್ಡ ಕೆಲಸ. ಮೈಸೂರಿನಿಂದ ಕೆಎಸ್ಆರ್‌ಟಿಸಿಯ ಫ್ಲೈಬಸ್ ನೇರವಾಗಿ ಹೋಗುತ್ತದೆ. ದಾರಿಗೆ ಐದು ಗಂಟೆ, ನಿಲ್ದಾಣದೊಳಗೆ ಎರಡು ಗಂಟೆ ಎಂದು ಲೆಕ್ಕ ಹಾಕಿ ಮನೆ ಬಿಡಿ.

3. ಕೋಣೆ ಹಿಡಿಯಿರಿ

ಕೋಣೆಯ ಫೋಟೊ ನೋಡುವ ಮುಂಚೆ ನಕ್ಷೆ ನೋಡಿ. ಹತ್ತಿರದ ಮೆಟ್ರೊ ನಿಲ್ದಾಣಕ್ಕೆ ನಡೆದು ಹತ್ತು ನಿಮಿಷದೊಳಗೆ ಹೋಗುವಂತಿರಬೇಕು. ಹೊಸ ದೆಹಲಿ ರೈಲು ನಿಲ್ದಾಣದ ಎದುರಿನ ಪಹಾಡ್‌ಗಂಜ್‌ನಲ್ಲಿ ಬಾಡಿಗೆ ಕಡಿಮೆ, ಗಲಾಟೆ ಜಾಸ್ತಿ. ಮನೆಯವರ ಜೊತೆ ಹೋಗುವವರಿಗೆ ಕರೋಲ್ ಬಾಗ್ ವಾಸಿ ಎಂಬುದು ನನ್ನ ಅಭಿಪ್ರಾಯ. ಮೆಟ್ರೊ ಇದೆ, ಊಟಕ್ಕೆ ತೊಂದರೆಯಿಲ್ಲ, ರಾತ್ರಿ ತನಕ ಜನ ಓಡಾಡುತ್ತಾರೆ.

'ದೆಹಲಿ ಎನ್‌ಸಿಆರ್' ಎಂದು ಬರೆದಿದ್ದರೆ ಎಚ್ಚರ. ಎನ್‌ಸಿಆರ್ ಎಂದರೆ ರಾಜಧಾನಿಯ ಸುತ್ತಲಿನ ಊರುಗಳೂ ಸೇರಿದ ವಲಯ. ಅದರಲ್ಲಿ ನೋಯಿಡಾ ಉತ್ತರ ಪ್ರದೇಶಕ್ಕೆ ಸೇರಿದ್ದು, ಗುರುಗ್ರಾಮ ಹರಿಯಾಣಕ್ಕೆ. ಕಡಿಮೆ ಬಾಡಿಗೆ ಎಂದು ಅಲ್ಲಿ ಕೋಣೆ ಹಿಡಿದರೆ ದಿನಕ್ಕೆ ಮೂರು ಗಂಟೆ ಓಡಾಟಕ್ಕೇ ಹೋಗುತ್ತದೆ.

ಚಾಣಕ್ಯಪುರಿಯಲ್ಲಿ ಕರ್ನಾಟಕ ಭವನ ಇದೆ. ಆದರೆ ಅಲ್ಲಿ ಮೊದಲ ಆದ್ಯತೆ ಜನಪ್ರತಿನಿಧಿಗಳಿಗೆ ಮತ್ತು ಸರ್ಕಾರಿ ಕೆಲಸದ ಮೇಲೆ ಬಂದವರಿಗೆ. ಅದನ್ನೇ ನಂಬಿಕೊಂಡು ರೈಲು ಹತ್ತಬೇಡಿ.

ಯುಪಿಎಸ್‌ಸಿ ಓದಲು ಹೋಗುವ ಮಕ್ಕಳು ಹಳೇ ರಾಜಿಂದರ್ ನಗರ ಅಥವಾ ಮುಖರ್ಜಿ ನಗರದಲ್ಲಿ ಕೋಣೆ ಹುಡುಕುತ್ತಾರೆ. ಅವರಿಗೆ ಒಂದೇ ಮಾತು: ನೆಲಮಾಳಿಗೆಯ ಕೋಣೆ ಬೇಡ, ನೆಲಮಾಳಿಗೆಯ ಓದುವ ಕೋಣೆಯೂ ಬೇಡ. 2024ರ ಜುಲೈನಲ್ಲಿ ಹಳೇ ರಾಜಿಂದರ್ ನಗರದ ನೆಲಮಾಳಿಗೆಯೊಂದಕ್ಕೆ ಮಳೆನೀರು ನುಗ್ಗಿ ಮೂವರು ವಿದ್ಯಾರ್ಥಿಗಳು ತೀರಿಕೊಂಡರು. ಬಾಡಿಗೆ ಸಾವಿರ ಜಾಸ್ತಿಯಾದರೂ ಮೇಲಿನ ಮಹಡಿಯಲ್ಲೇ ಇರಲಿ.

4. ಇಳಿದ ಮೊದಲ ಅರ್ಧ ಗಂಟೆ

ದೆಹಲಿಯಲ್ಲಿ ದೊಡ್ಡ ರೈಲು ನಿಲ್ದಾಣಗಳು ಹಲವು. ಹೊಸ ದೆಹಲಿ, ಹಳೇ ದೆಹಲಿ, ಹಜರತ್ ನಿಜಾಮುದ್ದೀನ್, ಆನಂದ್ ವಿಹಾರ್. ಕರ್ನಾಟಕ ಎಕ್ಸ್‌ಪ್ರೆಸ್ ಹೊಸ ದೆಹಲಿಗೆ ಹೋಗುತ್ತದೆ. ರಾಜಧಾನಿ ಮತ್ತು ಸ್ವರ್ಣ ಜಯಂತಿ ನಿಜಾಮುದ್ದೀನ್‌ಗೆ. ಹೊಸ ದೆಹಲಿ ನಿಲ್ದಾಣಕ್ಕೆ ಎರಡು ಬಾಗಿಲು. ಮೆಟ್ರೊ ಬೇಕಾದವರು ಅಜ್ಮೇರಿ ಗೇಟ್ ಕಡೆ ಹೊರಗೆ ಬನ್ನಿ. ಪಹಾಡ್‌ಗಂಜ್ ಇರುವುದು ಇನ್ನೊಂದು ಕಡೆ.

ವಿಮಾನದಲ್ಲಿ ಹೋಗುವವರು ಟರ್ಮಿನಲ್ ಸಂಖ್ಯೆ ನೋಡಿಕೊಳ್ಳಿ. ಮೂರನೇ ಟರ್ಮಿನಲ್‌ನಿಂದ ಏರ್‌ಪೋರ್ಟ್ ಮೆಟ್ರೊದಲ್ಲಿ ಇಪ್ಪತ್ತು ನಿಮಿಷದಲ್ಲಿ ಹೊಸ ದೆಹಲಿ ನಿಲ್ದಾಣ ತಲುಪಬಹುದು. ಒಂದನೇ ಟರ್ಮಿನಲ್ ಬೇರೆಯೇ ಕಡೆ ಇದೆ. ಅಲ್ಲಿಗೆ ಮಜೆಂಟಾ ಲೈನ್ ಮೆಟ್ರೊ.

ಇನ್ನು ಮೋಸದ ವಿಷಯ. ಬ್ಯಾಗು ಹೊತ್ತು ನಿಂತವರ ಹತ್ತಿರ ಯಾರಾದರೂ ಬಂದೇ ಬರುತ್ತಾರೆ. "ನಿಮ್ಮ ಟಿಕೆಟ್ ರದ್ದಾಗಿದೆ", "ನಿಮ್ಮ ಹೋಟೆಲ್ ಮುಚ್ಚಿದೆ", "ಸರ್ಕಾರಿ ಟೂರಿಸ್ಟ್ ಆಫೀಸು ಇಲ್ಲೇ ಇದೆ ಬನ್ನಿ" ಎನ್ನುತ್ತಾರೆ. ನನಗೂ ಆಗಿದೆ. ಮೊದಲ ಸಲ ಹೋದಾಗ ಆಟೋದವರೊಬ್ಬರು ನನ್ನ ಲಾಡ್ಜಿನ ರಸ್ತೆ ಬಂದ್ ಆಗಿದೆ ಎಂದು ಬೇರೆ ಕಡೆ ಕರೆದುಕೊಂಡು ಹೋದರು. ಲಾಡ್ಜಿಗೆ ಫೋನ್ ಮಾಡಿದರೆ ರಸ್ತೆ ತೆರೆದೇ ಇತ್ತು. ಯಾರು ಏನೇ ಹೇಳಲಿ, ನೀವು ಕಾದಿರಿಸಿದ ಜಾಗಕ್ಕೆ ಮೊದಲು ಫೋನ್ ಮಾಡಿ. ಉತ್ತರ ಕೊಡದೆ ಸುಮ್ನೆ ಮುಂದೆ ನಡೆಯುವುದು ಅಲ್ಲಿ ಅಗೌರವ ಅಲ್ಲ.

ಆಟೋ ಬೇಕೇ ಬೇಕೆಂದರೆ ಆ್ಯಪ್‌ನಲ್ಲಿ ಕರೆಯಿರಿ, ಇಲ್ಲವೇ ಸಂಚಾರ ಪೊಲೀಸರ ಪ್ರೀಪೇಯ್ಡ್ ಕೌಂಟರಿಗೆ ಹೋಗಿ. ಪ್ರೀಪೇಯ್ಡ್ ಎಂದರೆ ಕೌಂಟರಿನಲ್ಲೇ ಬಾಡಿಗೆ ಕಟ್ಟಿ ಚೀಟಿ ಪಡೆಯುವುದು. ಆ ಚೀಟಿಯನ್ನು ಇಳಿಯುವ ಜಾಗ ಬಂದ ಮೇಲೆಯೇ ಚಾಲಕನಿಗೆ ಕೊಡಿ.

ತುರ್ತಿಗೆ 112. ರೈಲಿನ ವಿಷಯಕ್ಕೆ 139. ಮಹಿಳೆಯರಿಗೆ 181.

5. ಮೆಟ್ರೊ ಕಲಿಯಿರಿ

ಇದೊಂದು ಕಲಿತರೆ ದೆಹಲಿ ನಿಮ್ಮ ಕೈಗೆ ಸಿಕ್ಕ ಹಾಗೆ. 2002ರ ಡಿಸೆಂಬರ್‌ನಲ್ಲಿ ಶುರುವಾದ ಮೆಟ್ರೊ ಈಗ ಊರನ್ನೆಲ್ಲ ಸುತ್ತುತ್ತದೆ. ಒಂದೊಂದು ದಾರಿಗೆ ಒಂದೊಂದು ಬಣ್ಣದ ಹೆಸರು. ನಿಮಗೆ ಜಾಸ್ತಿ ಬೇಕಾಗುವುದು ಹಳದಿ ಮತ್ತು ನೇರಳೆ. ಅಲ್ಲಿನವರು ಯೆಲ್ಲೊ ಲೈನ್, ವಯಲೆಟ್ ಲೈನ್ ಎನ್ನುತ್ತಾರೆ.

ಇಳಿದ ತಕ್ಷಣ ಸ್ಮಾರ್ಟ್ ಕಾರ್ಡ್ ಕೊಳ್ಳಿ. ದುಡ್ಡು ತುಂಬಿಸಿದ ಕಾರ್ಡು ಇದು, ಗೇಟಿಗೆ ಮುಟ್ಟಿಸಿದರೆ ತೆರೆಯುತ್ತದೆ. ಒಬ್ಬರಿಗೆ ಒಂದು ಕಾರ್ಡ್ ಬೇಕು. ಪ್ಲಾಟ್‌ಫಾರ್ಮಿನಲ್ಲಿ ರೈಲಿನ ಕೊನೆಯ ನಿಲ್ದಾಣದ ಹೆಸರು ನೋಡಿ ಹತ್ತಿ. ಬಣ್ಣ ಸರಿಯಿದ್ದು ದಿಕ್ಕು ತಪ್ಪುವುದು ಎಲ್ಲರೂ ಮಾಡುವ ತಪ್ಪು. ರೈಲು ಹೋಗುವ ದಿಕ್ಕಿನ ಮೊದಲ ಬೋಗಿ ಹೆಂಗಸರಿಗೆ ಮಾತ್ರ. ಗಂಡಸರು ಅವಸರದಲ್ಲಿ ಅಲ್ಲಿ ಹತ್ತಿ ದಂಡ ಕಟ್ಟುತ್ತಾರೆ.

ರಾಜೀವ್ ಚೌಕದಲ್ಲಿ ಹಳದಿ ಮತ್ತು ನೀಲಿ ದಾರಿ ಸೇರುತ್ತವೆ. ಸಂಜೆ ಆರರಿಂದ ಎಂಟರವರೆಗೆ ಅಲ್ಲಿನ ನೂಕುನುಗ್ಗಲು ಜಂಬೂಸವಾರಿ ದಿನದ ಸಯ್ಯಾಜಿರಾವ್ ರಸ್ತೆಯ ಹಾಗಿರುತ್ತದೆ. ಮಕ್ಕಳ ಕೈ ಬಿಡಬೇಡಿ. ತಪ್ಪಿಸಿಕೊಂಡರೆ ಎಲ್ಲಿ ನಿಲ್ಲಬೇಕು ಎಂದು ಮೊದಲೇ ಮಾತಾಡಿಕೊಳ್ಳಿ.

6. ದಿನಕ್ಕೊಂದು ದೆಹಲಿ

ಮೊದಲು ವಾರ ನೋಡಿ. ಸೋಮವಾರ ಕೆಂಪುಕೋಟೆ, ರಾಷ್ಟ್ರೀಯ ಮ್ಯೂಸಿಯಂ, ಅಕ್ಷರಧಾಮ, ಕಮಲ ಮಂದಿರ ಎಲ್ಲ ರಜೆ. ಭಾನುವಾರ ಚಾಂದನಿ ಚೌಕದ ಬಹಳಷ್ಟು ಅಂಗಡಿ ಮುಚ್ಚಿರುತ್ತವೆ. ಸೋಮವಾರ ಕುತುಬ್ ಮಿನಾರ್ ತೆರೆದಿರುತ್ತದೆ, ಹುಮಾಯೂನ್ ಸಮಾಧಿಯೂ ತೆರೆದಿರುತ್ತದೆ. ಸ್ಮಾರಕಗಳ ಟಿಕೆಟನ್ನು ಬಾಗಿಲಲ್ಲಿ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಫೋನಿನಲ್ಲೇ ಪಡೆಯಬಹುದು. 15 ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಇಲ್ಲ. ಗೈಡ್ ಬೇಕಾದರೆ ಗುರುತಿನ ಚೀಟಿ ನೋಡಿ ಮಾತಾಡಿ.

*ಮೊದಲ ದಿನ, ಶಾಹಜಹಾನನ ದೆಹಲಿ.* ಆಗ್ರಾದಿಂದ ರಾಜಧಾನಿ ತಂದ ಶಾಹಜಹಾನ್ 1639ರಲ್ಲಿ ಕೆಂಪುಕೋಟೆ ಶುರುಮಾಡಿ 1648ಕ್ಕೆ ಮುಗಿಸಿದ. ಬೆಳಿಗ್ಗೆ ಬಾಗಿಲು ತೆರೆಯುವ ಹೊತ್ತಿಗೇ ಹೋಗಿ. ಮೆಟ್ರೊ ನಿಲ್ದಾಣದ ಹೆಸರು ಲಾಲ್ ಕಿಲಾ. ಒಳಗೆ ದಿವಾನ್-ಇ-ಆಮ್ ಎಂದರೆ ಸಾಮಾನ್ಯ ಜನರ ಅಹವಾಲು ಕೇಳುವ ಸಭೆ. ದಿವಾನ್-ಇ-ಖಾಸ್ ಎಂದರೆ ಆಯ್ದವರ ಸಭೆ. ನವಿಲು ಸಿಂಹಾಸನ ಇದ್ದದ್ದು ಈ ಕೋಟೆಯಲ್ಲೇ. 1739ರಲ್ಲಿ ನಾದಿರ್ ಶಾ ಅದನ್ನು ಇರಾನಿಗೆ ಒಯ್ದ. ಶ್ರೀರಂಗಪಟ್ಟಣದಲ್ಲಿ 1799ರಲ್ಲಿ ಟಿಪ್ಪುವಿನ ಸಿಂಹಾಸನವನ್ನು ಒಡೆದು ಹಂಚಿಕೊಂಡರಲ್ಲ, ಅದನ್ನು ಕೇಳಿ ಬೆಳೆದವರಿಗೆ ಈ ಖಾಲಿ ಸಭಾಂಗಣ ಬೇಗ ಅರ್ಥವಾಗುತ್ತದೆ.

ಕೋಟೆಯ ಎದುರಿಗೇ ಚಾಂದನಿ ಚೌಕ. ಶಾಹಜಹಾನನ ಮಗಳು ಜಹನಾರಾ ಮಾಡಿಸಿದ ಬೀದಿ. ಹಿಂದೆ ಇದರ ನಡುವೆ ಕಾಲುವೆ ಹರಿಯುತ್ತಿತ್ತು. ಈಗ ಹಗಲಿನಲ್ಲಿ ಮೋಟಾರು ವಾಹನ ಬಿಡುವುದಿಲ್ಲ. ಹಾಗಾಗಿ ನಡೆಯಿರಿ. ಸೈಕಲ್ ರಿಕ್ಷಾ ಹತ್ತುವುದಾದರೆ ದುಡ್ಡು ಮೊದಲೇ ಮಾತಾಡಿ. ಈ ಒಂದೇ ಬೀದಿಯಲ್ಲಿ ಜೈನರ ಲಾಲ್ ಮಂದಿರ, ಗೌರಿಶಂಕರ ಗುಡಿ, ಸೀಸ್‌ಗಂಜ್ ಗುರುದ್ವಾರ, ಆ ತುದಿಗೆ ಫತೇಪುರಿ ಮಸೀದಿ ಸಾಲಾಗಿ ಇವೆ. ಲಾಲ್ ಮಂದಿರದಲ್ಲಿ ಹಕ್ಕಿಗಳ ಆಸ್ಪತ್ರೆಯಿದೆ. ಗಾಯಗೊಂಡ ಪಾರಿವಾಳಗಳನ್ನು ಜನ ಅಲ್ಲಿಗೆ ತರುತ್ತಾರೆ. ಮಕ್ಕಳಿಗೆ ತಪ್ಪದೆ ತೋರಿಸಿ.

ಬೀದಿಯಿಂದ ಒಡೆಯುವ ಗಲ್ಲಿಗಳಿಗೆ ಒಂದೊಂದು ಕಸುಬು. ದರೀಬಾದಲ್ಲಿ ಬೆಳ್ಳಿ, ಕಿನಾರಿ ಬಜಾರಿನಲ್ಲಿ ಮದುವೆ ಬಟ್ಟೆಯ ಜರಿ ಅಂಚು, ನಯೀ ಸಡಕ್‌ನಲ್ಲಿ ಪುಸ್ತಕ, ಖಾರಿ ಬಾವಲಿಯಲ್ಲಿ ಮಸಾಲೆ. ದೇವರಾಜ ಮಾರುಕಟ್ಟೆಯಲ್ಲಿ ಹೂವಿನ ಸಾಲು, ಬಾಳೆಹಣ್ಣಿನ ಸಾಲು ಎಂದು ಇರುತ್ತದಲ್ಲ, ಅದೇ ಪದ್ಧತಿ, ಆದರೆ ಒಂದೊಂದು ಸಾಲೂ ಒಂದೊಂದು ಬೀದಿಯಷ್ಟು. ಖಾರಿ ಬಾವಲಿಯಲ್ಲಿ ಮೆಣಸಿನಕಾಯಿ ಘಾಟಿಗೆ ಕೆಮ್ಮು ಬರುತ್ತದೆ, ಕರವಸ್ತ್ರ ಇರಲಿ. ಸಂಜೆ ಜಾಮಾ ಮಸೀದಿಗೆ ಹೋಗಿ. ನಮಾಜಿನ ಹೊತ್ತು ಬಿಟ್ಟು ಹೋಗಿ, ಮೊಣಕಾಲು ಮುಚ್ಚುವ ಬಟ್ಟೆ ಹಾಕಿ.

*ಎರಡನೇ ದಿನ, ಹೊಸ ದೆಹಲಿ.* ಕೋಲ್ಕತ್ತಾದಿಂದ ರಾಜಧಾನಿಯನ್ನು ಇಲ್ಲಿಗೆ ತರುವುದಾಗಿ ಐದನೇ ಜಾರ್ಜ್ ಸಾರಿದ್ದು 1911ರ ಡಿಸೆಂಬರ್ 12ರಂದು. ಲುಟ್ಯೆನ್ಸ್ ಮತ್ತು ಬೇಕರ್ ಎಂಬ ವಾಸ್ತುಶಿಲ್ಪಿಗಳು ಊರನ್ನು ರೂಪಿಸಿದರು. ಉದ್ಘಾಟನೆ ಆದದ್ದು 1931ರ ಫೆಬ್ರವರಿಯಲ್ಲಿ. ನಮ್ಮ ಅಂಬಾವಿಲಾಸ ಅರಮನೆ ಮುಗಿದದ್ದು 1912ರಲ್ಲಿ. ಅಂದರೆ ಹೊಸ ದೆಹಲಿಗಿಂತ ನಮ್ಮ ಅರಮನೆಯೇ ಹಳೆಯದು! ಸೆಂಟ್ರಲ್ ಸೆಕ್ರೆಟೇರಿಯಟ್ ನಿಲ್ದಾಣದಲ್ಲಿ ಇಳಿದರೆ ಎದುರಿಗೆ ಕರ್ತವ್ಯ ಪಥ. ಒಂದು ತುದಿಯಲ್ಲಿ 340 ಕೋಣೆಗಳ ರಾಷ್ಟ್ರಪತಿ ಭವನ, ಇನ್ನೊಂದು ತುದಿಯಲ್ಲಿ 42 ಮೀಟರ್ ಎತ್ತರದ ಇಂಡಿಯಾ ಗೇಟ್. ರಾಷ್ಟ್ರಪತಿ ಭವನದ ಒಳಗೆ ಹೋಗಬೇಕಾದರೆ ಅದರ ಅಧಿಕೃತ ಜಾಲತಾಣದಲ್ಲಿ ಮೊದಲೇ ಹೆಸರು ಬರೆಸಬೇಕು. ಊರಿಗೆ ಹೋದ ಮೇಲೆ ನೋಡೋಣ ಎಂದರೆ ಸಿಗುವುದು ಕಷ್ಟ.

ಈಗ ನಾನು ಎಲ್ಲರಿಗೂ ಒತ್ತಿ ಹೇಳುವ ಜಾಗ. ತೀನ್ ಮೂರ್ತಿ ವೃತ್ತ. ಕಂಬದ ಸುತ್ತ ಮೂವರು ಸೈನಿಕರ ಕಂಚಿನ ಮೂರ್ತಿಗಳು. ಅವು ಹೈದರಾಬಾದ್, ಜೋಧಪುರ ಮತ್ತು ಮೈಸೂರಿನ ಲ್ಯಾನ್ಸರ್‌ಗಳ ನೆನಪಿಗೆ ನಿಂತವು. ಲ್ಯಾನ್ಸರ್ ಎಂದರೆ ಭರ್ಜಿ ಹಿಡಿದ ಕುದುರೆ ಸವಾರ. ಮೊದಲನೇ ಮಹಾಯುದ್ಧದಲ್ಲಿ, 1918ರ ಸೆಪ್ಟೆಂಬರ್ 23ರಂದು, ಮೈಸೂರು ಮತ್ತು ಜೋಧಪುರದ ಸವಾರರು ಫಿರಂಗಿ, ಮೆಷಿನ್ ಗನ್ನುಗಳ ಎದುರು ಕುದುರೆ ನುಗ್ಗಿಸಿ ತುರ್ಕರ ಕೈಯಲ್ಲಿದ್ದ ಹೈಫಾ ಪಟ್ಟಣವನ್ನು ಗೆದ್ದರು. ಹೈಫಾ ಈಗ ಇಸ್ರೇಲಿನಲ್ಲಿದೆ. 2018ರಲ್ಲಿ ಈ ವೃತ್ತಕ್ಕೆ ತೀನ್ ಮೂರ್ತಿ ಹೈಫಾ ಚೌಕ ಎಂದು ಹೆಸರಿಟ್ಟರು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ನಮ್ಮೂರಿನಿಂದ ಹೋದ ಸೈನ್ಯ ಅದು. ದೆಹಲಿಯ ನಟ್ಟನಡುವೆ ಮೈಸೂರಿನವನೊಬ್ಬ ನಿಂತಿದ್ದಾನೆ, ನಮ್ಮವರೇ ಪಕ್ಕದಲ್ಲಿ ಕಾರಿನಲ್ಲಿ ದಾಟಿ ಹೋಗುತ್ತಾರೆ. ನನಗೆ ಅದು ಬೇಸರ. ಹತ್ತು ನಿಮಿಷ ನಿಂತು ನೋಡಿ. ಹತ್ತಿರದ ಮೆಟ್ರೊ ಲೋಕ ಕಲ್ಯಾಣ ಮಾರ್ಗ. ವಾಹನ ಸಂಚಾರ ಜಾಸ್ತಿ, ರಸ್ತೆ ದಾಟುವಾಗ ಹುಷಾರು. ಪಕ್ಕದಲ್ಲೇ ನೆಹರು ವಾಸವಿದ್ದ ತೀನ್ ಮೂರ್ತಿ ಭವನ ಇದೆ. ಈಗ ಅಲ್ಲಿ ಪ್ರಧಾನಮಂತ್ರಿಗಳ ಸಂಗ್ರಹಾಲಯ.

ಕತ್ತಲಾಗುವ ಹೊತ್ತಿಗೆ ಇಂಡಿಯಾ ಗೇಟ್. ಅದರ ಹಿಂದೆ 2019ರಲ್ಲಿ ತೆರೆದ ರಾಷ್ಟ್ರೀಯ ಯುದ್ಧ ಸ್ಮಾರಕ. ಸ್ವಾತಂತ್ರ್ಯದ ನಂತರ ಮಡಿದ ಸೈನಿಕರ ಹೆಸರುಗಳನ್ನು ಗೋಡೆಗಳಲ್ಲಿ ಕೆತ್ತಿದ್ದಾರೆ. ಪ್ರವೇಶಕ್ಕೆ ದುಡ್ಡಿಲ್ಲ.

*ಮೂರನೇ ದಿನ, ಸುಲ್ತಾನರ ದೆಹಲಿ.* ಕುತುಬ್ ಮಿನಾರ್ 72.5 ಮೀಟರ್ ಎತ್ತರ. ಐಬಕ್ ಶುರುಮಾಡಿದ, ಇಲ್ತುತ್‌ಮಿಶ್ ಮುಂದುವರಿಸಿದ. ಅಂಗಳದಲ್ಲಿ ಗುಪ್ತರ ಕಾಲದ ಕಬ್ಬಿಣದ ಕಂಬ ಇದೆ. ಒಂದೂವರೆ ಸಾವಿರ ವರ್ಷ ಮಳೆಯಲ್ಲಿ ನಿಂತರೂ ತುಕ್ಕು ತಿಂದಿಲ್ಲ. ಎಲ್ಲರೂ ಫೋಟೊ ತೆಗೆದು ಹೊರಡುತ್ತಾರೆ. ನೀವು ಪಕ್ಕದ ಅಲಾಯಿ ದರ್ವಾಜಾದ ಮುಂದೆ ಸ್ವಲ್ಪ ನಿಲ್ಲಿ. ಅಲ್ಲಾವುದ್ದೀನ್ ಖಿಲ್ಜಿ ಈ ಬಾಗಿಲು ಕಟ್ಟಿಸಿದ್ದು 1311ರಲ್ಲಿ. ಅದೇ ವರ್ಷ ಅವನ ಸೇನಾಪತಿ ಮಲಿಕ್ ಕಾಫೂರ್ ನಮ್ಮ ದ್ವಾರಸಮುದ್ರಕ್ಕೆ ಮುತ್ತಿಗೆ ಹಾಕಿದ. ಹೊಯ್ಸಳರ ಮೂರನೇ ಬಲ್ಲಾಳ ಶರಣಾಗಿ ಕಪ್ಪ ಕೊಡಬೇಕಾಯಿತು. ಹಳೇಬೀಡು ನೋಡಿದವರಿಗೆ ಆ ಬಾಗಿಲು ಬರೀ ಕಲ್ಲಾಗಿ ಕಾಣುವುದಿಲ್ಲ.

ಮೆಟ್ರೊ ನಿಲ್ದಾಣದ ಹೆಸರು ಕುತುಬ್ ಮಿನಾರ್ ಎಂದಿದ್ದರೂ ಸ್ಮಾರಕ ಅಲ್ಲಿಂದ ಒಂದು ಕಿಲೋಮೀಟರಿಗಿಂತ ದೂರ. ಆಟೋ ಹಿಡಿಯಿರಿ. ಸಂಜೆಗೆ ಐಎನ್ಎ ನಿಲ್ದಾಣದ ಬಳಿಯ ದಿಲ್ಲಿ ಹಾಟ್. ಬೇರೆ ಬೇರೆ ರಾಜ್ಯದ ಕುಶಲಕರ್ಮಿಗಳು ತಾವೇ ಕೂತು ಮಾರುವ ಸಂತೆ ಅದು.

*ನಾಲ್ಕನೇ ದಿನ, ನಿಜಾಮುದ್ದೀನ್ ಸುತ್ತಮುತ್ತ.* ಸಾಧ್ಯವಾದರೆ ಇದು ಗುರುವಾರ ಬರುವಂತೆ ನೋಡಿಕೊಳ್ಳಿ. ಆಗ ಮೊದಲ ದಿನ ಸೋಮವಾರ ಬೀಳುತ್ತದೆ, ಹಾಗಾಗಿ ಕೆಂಪುಕೋಟೆಯ ದಿನ ಮತ್ತು ಕುತುಬ್ ಮಿನಾರ್ ದಿನವನ್ನು ಅದಲು ಬದಲು ಮಾಡಿಕೊಳ್ಳಿ. ಬೆಳಿಗ್ಗೆ ಲೋಧಿ ಉದ್ಯಾನ, ಮಧ್ಯಾಹ್ನದ ಮೇಲೆ ಹುಮಾಯೂನ್ ಸಮಾಧಿ, ಸಂಜೆ ನಡೆದೇ ನಿಜಾಮುದ್ದೀನ್ ದರ್ಗಾ. ಗುರುವಾರ ಸಂಜೆ ಅಲ್ಲಿ ಕವ್ವಾಲಿ. ಕವಿ ಅಮೀರ್ ಖುಸ್ರೋ ಸಮಾಧಿಯೂ ಅಲ್ಲೇ. ಕಾಫೂರನ ದಕ್ಷಿಣದ ದಂಡಯಾತ್ರೆಯನ್ನು ಬರೆದಿಟ್ಟವನೂ ಇದೇ ಖುಸ್ರೋ. ತಲೆಗೆ ಬಟ್ಟೆ ಬೇಕು. ಗಲ್ಲಿಯ ಶುರುವಿನಲ್ಲೇ "ಚಪ್ಪಲಿ ಇಲ್ಲೇ ಬಿಡಿ, ಹೂವು ತಗೊಳ್ಳಿ" ಎಂದು ಕರೆಯುತ್ತಾರೆ. ಬಿಡಬೇಕಾದ ಜಾಗ ಇನ್ನೂ ಮುಂದಿದೆ, ದರ್ಗಾದ ಬಾಗಿಲವರೆಗೆ ನಡೆಯಿರಿ.

ಆಗ್ರಾ ಸೇರಿಸುವುದಾದರೆ ಐದನೇ ದಿನ ಬೇಕು. ನಿಜಾಮುದ್ದೀನ್‌ನಿಂದ ಬೆಳಿಗ್ಗೆ ಗತಿಮಾನ್ ಎಕ್ಸ್‌ಪ್ರೆಸ್ ಇದೆ, ಎರಡು ಗಂಟೆಯೊಳಗೆ ಮುಟ್ಟಿಸುತ್ತದೆ. ಶುಕ್ರವಾರ ತಾಜ್‌ಮಹಲ್ ಮುಚ್ಚಿರುತ್ತದೆ, ಹಾಗಾಗಿ ನಾಲ್ಕನೇ ದಿನ ಗುರುವಾರವಾದರೆ ಆಗ್ರಾವನ್ನು ಶನಿವಾರಕ್ಕೆ ಇಟ್ಟುಕೊಳ್ಳಿ.

7. ಮಾತಿಗೆ ಹೆದರಬೇಡಿ, ಲೆಕ್ಕಕ್ಕೆ ಎಚ್ಚರವಿರಲಿ

ಕೈಸನ್ನೆ, ಅರ್ಧಂಬರ್ಧ ಹಿಂದಿ ಸಾಕು, ಕೆಲಸ ನಡೆಯುತ್ತದೆ. ಗೊತ್ತಿಲ್ಲದ ಗಂಡಸರಿಗೆ 'ಭಯ್ಯಾ', ಹೆಂಗಸರಿಗೆ 'ದೀದಿ', ದೊಡ್ಡವರಿಗೆ ಹೆಸರಿನ ಕೊನೆಗೆ 'ಜೀ'. ನಮ್ಮ ಅಣ್ಣ, ಅಕ್ಕ, ಅವರೇ ಇದ್ದ ಹಾಗೆ. 'ತುಮ್' ಎಂದರೆ ನೀನು, 'ಆಪ್' ಎಂದರೆ ನೀವು. ಗೊತ್ತಿಲ್ಲದವರ ಜೊತೆ ಯಾವಾಗಲೂ ಆಪ್. ಮೈಸೂರಿನ ಮಂಡಿ ಮೊಹಲ್ಲಾದ ಉರ್ದುವಿನಲ್ಲಿ ಕಿವಿಗೆ ಬಿದ್ದ 'ನಕ್ಕೋ' (ಬೇಡ), 'ಹೌ' (ಹೌದು) ಅಲ್ಲಿ ಎಲ್ಲರಿಗೂ ಅರ್ಥವಾಗುವುದಿಲ್ಲ. ಬೇಡ ಎನ್ನಲು 'ನಹೀ ಚಾಹಿಯೆ' ಎನ್ನಿ.

ನಿಜವಾದ ತೊಡಕು ಲೆಕ್ಕದಲ್ಲಿದೆ. 'ಡೇಢ್ ಸೌ' ಎಂದರೆ 150. 'ಢಾಯಿ ಸೌ' ಎಂದರೆ 250. 'ಸಾಢೇ ತೀನ್ ಸೌ' ಎಂದರೆ 350. 'ಉನ್' ಸೇರಿದರೆ ಒಂದು ಕಡಿಮೆ ಎಂದರ್ಥ. 'ಉನ್‌ತೀಸ್' 29, 'ಉನ್‌ಸಠ್' 59. ಅನುಮಾನ ಬಂದರೆ ಫೋನಿನಲ್ಲಿ ಅಂಕಿ ಬರೆದು ತೋರಿಸಿ. ಇನ್ನು 'ಕಲ್' ಎಂದರೆ ನಿನ್ನೆಯೂ ಹೌದು, ನಾಳೆಯೂ ಹೌದು. ಟ್ಯಾಕ್ಸಿ ಹೇಳುವಾಗ ತಾರೀಖನ್ನೇ ಹೇಳಿ.

ದನಿ ಏರಿಸಿ ಮಾತಾಡುವುದು ಅಲ್ಲಿ ಸಾಮಾನ್ಯ. ನಮ್ಮ ಕಿವಿಗೆ ಜಗಳದ ಹಾಗೆ ಕೇಳುತ್ತದೆ, ಹಲವು ಸಲ ಅದು ಬರೀ ಮಾತುಕತೆ. 1947ರಲ್ಲಿ ದೇಶ ಒಡೆದಾಗ ಪಂಜಾಬಿನಿಂದ ಲಕ್ಷಾಂತರ ಜನ ಎಲ್ಲ ಕಳೆದುಕೊಂಡು ಇಲ್ಲಿಗೆ ಬಂದರು. ಲಜಪತ್ ನಗರ, ಪಟೇಲ್ ನಗರ, ರಾಜಿಂದರ್ ನಗರ ಬೆಳೆದದ್ದು ಅವರಿಂದ. ಇವತ್ತಿನ ದೆಹಲಿಯ ಊಟ, ಮಾತು, ವ್ಯಾಪಾರದಲ್ಲಿ ಪಂಜಾಬಿನ ಕಸುವು ಜಾಸ್ತಿ. ಅದಕ್ಕೂ ಹಳೆಯದಾದ ಮೆದು ಉರ್ದು ಮಾತು ಹಳೇ ದೆಹಲಿಯ ಗಲ್ಲಿಗಳಲ್ಲಿ ಇನ್ನೂ ಕೇಳಿಸುತ್ತದೆ.

8. ಊಟ

ಬೆಳಿಗ್ಗೆ ಛೋಲೆ ಭಟೂರೆ, ಅಂದರೆ ಕಾಬೂಲಿ ಕಡಲೆಯ ಗೊಜ್ಜು, ಜೊತೆಗೆ ಮೈದಾದ ಉಬ್ಬಿದ ದೊಡ್ಡ ಪೂರಿ. ಮಧ್ಯಾಹ್ನ ರಾಜ್ಮಾ ಚಾವಲ್ ಅಥವಾ ಕಢೀ ಚಾವಲ್. ಕಢೀ ಎಂದರೆ ಕಡಲೆಹಿಟ್ಟು ಹಾಕಿ ಕುದಿಸಿದ ಮಜ್ಜಿಗೆ, ನಮ್ಮ ಮಜ್ಜಿಗೆಹುಳಿಯ ನೆಂಟ. ಅನ್ನ ಬೇಕೇ ಬೇಕು ಎನ್ನುವವರಿಗೆ ಇವೆರಡು ಆಸರೆ. ಚಳಿಗಾಲದಲ್ಲಿ ಹೋದವರು ಹಳೇ ದೆಹಲಿಯಲ್ಲಿ 'ದೌಲತ್ ಕೀ ಚಾಟ್' ಹುಡುಕಿ. ಹಾಲಿನ ನೊರೆಯಿಂದ ಮಾಡುವ ಸಿಹಿ, ಬಾಯಲ್ಲಿಟ್ಟರೆ ಇಲ್ಲ. ಬೆಳಿಗ್ಗೆಯೇ ತಿನ್ನಬೇಕು. ಮಾಂಸ ತಿನ್ನುವವರಿಗೆ ಜಾಮಾ ಮಸೀದಿಯ ಸುತ್ತಲಿನ ಕಬಾಬು, ನಿಹಾರಿ. ನಿಹಾರಿ ಎಂದರೆ ರಾತ್ರಿಯಿಡೀ ಸಣ್ಣ ಉರಿಯಲ್ಲಿ ಬೇಯಿಸಿದ ಮಾಂಸದ ಸಾರು.

ಮುದ್ದೆ ಸಿಗುವುದಿಲ್ಲ. ಮಂಡ್ಯದ ಹಿರಿಯರನ್ನು ಕರೆದುಕೊಂಡು ಹೋಗುವವರು ರಾಗಿಹಿಟ್ಟು ಒಯ್ದು ಬೆಳಿಗ್ಗೆ ಅಂಬಲಿ ಮಾಡಿಕೊಡುವುದು ಒಳ್ಳೆಯದು. ಕೋಣೆಯಲ್ಲಿ ಎಲೆಕ್ಟ್ರಿಕ್ ಕೆಟಲ್ ಇದ್ದರೆ ಸಾಕು. ಕನಾಟ್ ಪ್ಲೇಸ್ ಸುತ್ತ ಇಡ್ಲಿ, ದೋಸೆ ಸಿಗುತ್ತವೆ. ಅಶೋಕ ರಸ್ತೆಯ ಆಂಧ್ರ ಭವನದ ಊಟ ಹೆಸರುವಾಸಿ, ಮಧ್ಯಾಹ್ನ ಸಾಲು ಉದ್ದ. ಕನ್ನಡದ ಮಾತು ಕೇಳಬೇಕು ಅನ್ನಿಸಿದರೆ ರಾಮಕೃಷ್ಣಪುರಂನಲ್ಲಿ ದೆಹಲಿ ಕರ್ನಾಟಕ ಸಂಘ ಇದೆ. ನೀವಿರುವ ದಿನ ಏನಾದರೂ ಕಾರ್ಯಕ್ರಮ ಇದೆಯಾ ವಿಚಾರಿಸಿ.

ಒಂದು ಹೊತ್ತು ಬಾಂಗ್ಲಾ ಸಾಹಿಬ್ ಗುರುದ್ವಾರದಲ್ಲಿ ಊಟ ಮಾಡಿ. ಅಲ್ಲಿನ ಊಟಕ್ಕೆ 'ಲಂಗರ್' ಎನ್ನುತ್ತಾರೆ. ಸುತ್ತೂರು ಮಠದಲ್ಲೋ ಆದಿಚುಂಚನಗಿರಿಯಲ್ಲೋ ದಾಸೋಹದ ಪಂಕ್ತಿಯಲ್ಲಿ ಕೂತವರಿಗೆ ಅದು ಹೊಸದೆನಿಸುವುದಿಲ್ಲ. ತಲೆ ಮುಚ್ಚಬೇಕು, ಕಾಲು ತೊಳೆದು ಒಳಗೆ ಹೋಗಬೇಕು. ರೊಟ್ಟಿಯನ್ನು ಎರಡೂ ಕೈ ಚಾಚಿ ಪಡೆಯಬೇಕು. ತಟ್ಟೆಯಲ್ಲಿ ಬಿಡಬಾರದು. ಊಟವಾದ ಮೇಲೆ ಪಾತ್ರೆ ತೊಳೆಯಲು, ರೊಟ್ಟಿ ಲಟ್ಟಿಸಲು ಯಾರು ಬೇಕಾದರೂ ಕೈ ಹಾಕಬಹುದು.

ನೀರು ಮಾತ್ರ ಸೀಲ್ ಇರುವ ಬಾಟಲಿಯದೇ ಇರಲಿ.

9. ಹೊರಡುವ ದಿನ

ಟಿಕೆಟ್‌ನಲ್ಲಿ ಯಾವ ನಿಲ್ದಾಣ ಎಂದು ಮತ್ತೊಮ್ಮೆ ಓದಿ. ಇಳಿದ ನಿಲ್ದಾಣದಿಂದಲೇ ಹತ್ತುತ್ತೇವೆ ಎಂದುಕೊಂಡು ರೈಲು ತಪ್ಪಿಸಿಕೊಂಡವರಿದ್ದಾರೆ. ಕೋಣೆಯನ್ನು ಎರಡು ಗಂಟೆ ಮುಂಚೆ ಬಿಡಿ, ಮಂಜಿನ ಕಾಲದಲ್ಲಿ ರೈಲು ಎಲ್ಲಿದೆ ಎಂದು ಫೋನಿನಲ್ಲಿ ನೋಡಿಕೊಂಡು ಹೊರಡಿ. ಬೆಂಗಳೂರಿನಿಂದ ಮಂಡ್ಯ, ಮೈಸೂರಿಗೆ ಮುಂದಿನ ರೈಲಿನ ಟಿಕೆಟ್ ಮಾಡುವುದಾದರೆ ನಡುವೆ ಕನಿಷ್ಠ ಮೂರು ಗಂಟೆ ಬಿಡುವು ಇಡಿ. ಡಿಸೆಂಬರ್, ಜನವರಿಯಲ್ಲಾದರೆ ಆ ಟಿಕೆಟ್ ಮಾಡಿಸಲೇಬೇಡಿ, ಇಳಿದ ಮೇಲೆ ಸಿಕ್ಕಿದ ರೈಲೋ ಬಸ್ಸೋ ಹತ್ತಿ ಬನ್ನಿ.